‘ಸರ್ಕಾರಿ ಯೂನಿವರ್ಸಿಟಿ ಕಾಲೇಜು’ ಅಂದರೆ ಸರ್ಕಾರಿ ಕಾಲೇಜಾ? ಮಗಳ ನರ್ಸಿಂಗ್ ಸೀಟಿನ ಬಗ್ಗೆ ತಂದೆಯೊಬ್ಬರ ಪ್ರಶ್ನೆ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಎರಡೂವರೆ ಎಕರೆ ಹೊಲ, ಗೋವಿನಜೋಳ ಹಾಕುತ್ತೇವೆ. ಮಗಳು ಈ ಸಲ ಪಿಯುಸಿ ಸೈನ್ಸ್ ಪಾಸಾಗಿದ್ದಾಳೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 61 ಪರ್ಸೆಂಟ್. ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದ್ದು. ಸಿಇಟಿ ಬರೆದಿದ್ದಾಳೆ, ರ‍್ಯಾಂಕ್ ಅಷ್ಟಕ್ಕಷ್ಟೇ. ನರ್ಸಿಂಗೇ ಮಾಡುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಪರಿಚಯದವರ ಕಡೆಯಿಂದ ಒಬ್ಬ ಏಜೆಂಟ್ ಮನೆಗೇ ಬಂದಿದ್ದರು. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತೇನೆ, ‘ಇದು ಸರ್ಕಾರಿ ಯೂನಿವರ್ಸಿಟಿ ಕಾಲೇಜು, ರಾಜೀವ್ ಗಾಂಧಿ ಯೂನಿವರ್ಸಿಟಿ’ ಅಂದರು. ಹಾಸ್ಟೆಲ್ ಸೇರಿ ವರ್ಷಕ್ಕೆ 1 ಲಕ್ಷ 60 ಸಾವಿರ. ಈಗಲೇ 10 ಸಾವಿರ ಕೊಟ್ಟು ಸೀಟು ಬ್ಲಾಕ್ ಮಾಡಬೇಕಂತೆ. ಮಾರ್ಕ್ಸ್ ಕಾರ್ಡ್, ಟಿಸಿ ಒರಿಜಿನಲ್ಲೇ ಕೊಡಬೇಕಂತೆ. ಇನ್ನೊಂದು ಕಡೆ, ಪಕ್ಕದ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಶಾಲೆಯಲ್ಲಿ ಜಿಎನ್‌ಎಂ, ಅಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಸೀಟು ಸಿಗುವ ಹಾಗಿದೆ. ಅಳಿಯಂದಿರು ‘ಜಿಎನ್‌ಎಂ ಬಂದ್ ಆಗುತ್ತದೆ, ಡಿಗ್ರಿ ಇಲ್ಲದಿದ್ದರೆ ಬೆಲೆ ಇಲ್ಲ’ ಅನ್ನುತ್ತಾರೆ. ನನ್ನ ತಮ್ಮ ‘ನೀಟ್ ಬರೆಯದೆ ಯಾವ ಸೀಟೂ ಸಿಗಲ್ಲ’ ಅನ್ನುತ್ತಾನೆ. ಮಗಳಿಗೆ ಇಂಗ್ಲಿಷಿನದೇ ಭಯ. ರಕ್ತ ನೋಡಿದರೆ ತಲೆ ತಿರುಗುತ್ತದೆ ಅಂತಲೂ ಹೇಳುತ್ತಾಳೆ. ಒಂದು ಎಕರೆ ಅಡ ಇಟ್ಟು ಡಿಗ್ರಿ ಓದಿಸಬೇಕಾ, ಜಿಎನ್‌ಎಂ ಸಾಕಾ? ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಮೊದಲು ಒಂದು ಮಾತು. ಆ 10 ಸಾವಿರ ಇನ್ನೂ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಂತೂ ಯಾರ ಕೈಗೂ ಕೊಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನಿಮ್ಮ ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಬಿಎಸ್ಸಿಯಾ ಜಿಎನ್‌ಎಂಆ ಅಂತ. ಆದರೆ ಅದರ ಹಿಂದೆ ಇರುವ ಚಿಂತೆ ಬೇರೆ ಅನಿಸುತ್ತದೆ. ಹೊಲ ಅಡ ಇಟ್ಟು ಓದಿಸಿದ ಮೇಲೆ ಮಗಳಿಗೆ ಕೆಲಸ ಸಿಗದಿದ್ದರೆ ಏನು ಗತಿ? ಕಡಿಮೆ ಖರ್ಚಿನದು ಓದಿಸಿ, ಆಮೇಲೆ ‘ಅಪ್ಪ ಡಿಗ್ರಿ ಮಾಡಿಸಲಿಲ್ಲ’ ಅಂತ ಅವಳು ಕೊರಗಿದರೆ ಏನು ಗತಿ? ಈ ಎರಡರ ನಡುವೆ ಸಿಕ್ಕಿಕೊಂಡಿದ್ದೀರಿ. ಮೂವತ್ತು ವರ್ಷ ವಾರ್ಡಿನಲ್ಲೂ ನರ್ಸಿಂಗ್ ಕ್ಲಾಸಿನಲ್ಲೂ ಕಳೆದವಳು ನಾನು. ಈ ಪ್ರಶ್ನೆಯನ್ನು ಪ್ರತಿ ವರ್ಷ ಜೂನ್, ಜುಲೈ ಬಂತೆಂದರೆ ಕೇಳುತ್ತೇನೆ.

ಏಜೆಂಟ್ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರು ಸುಳ್ಳು ಹೇಳಿಲ್ಲ. ಅದೇ ಅವರ ಜಾಣತನ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಿಜಕ್ಕೂ ಸರ್ಕಾರಿ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದದ್ದು, ಕಚೇರಿ ಬೆಂಗಳೂರಿನ ಜಯನಗರದಲ್ಲಿದೆ. ರಾಜ್ಯದ ಹೆಚ್ಚಿನ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ ಕಾಲೇಜುಗಳು ಅದರ ಅಡಿಯಲ್ಲೇ ಬರುತ್ತವೆ. ಸಿಲಬಸ್ ಜಾರಿ ಮಾಡುವುದು, ಪರೀಕ್ಷೆ ನಡೆಸುವುದು, ಡಿಗ್ರಿ ಕೊಡುವುದು ಅದರ ಕೆಲಸ. ಆದರೆ ಕಾಲೇಜು ನಡೆಸುವವರು ಬೇರೆ. ಬ್ಯಾಡಗಿ ಮಾರ್ಕೆಟ್ಟು ನೀವು ನೋಡಿರುತ್ತೀರಿ ಅಲ್ವಾ? ಎಪಿಎಂಸಿ ಅಂಗಳ ಸರ್ಕಾರದ್ದು. ಹಾಗಂತ ಒಳಗಿನ ದಲಾಲಿ ಅಂಗಡಿಗಳೆಲ್ಲ ಸರ್ಕಾರದ್ದಾಗುತ್ತವಾ? ಇದೂ ಹಾಗೇ. ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರಿದ ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ಖಾಸಗಿಯವು. ಸರ್ಕಾರಿ ಕಾಲೇಜುಗಳು ಕೆಲವೇ. ಬೆಂಗಳೂರಿನ ಕೋಟೆ ಹತ್ತಿರದ್ದು, ಮೈಸೂರಿನದು, ನಿಮಗೆ ಹತ್ತಿರ ಅಂದರೆ ಹುಬ್ಬಳ್ಳಿ ಕಿಮ್ಸ್‌ನದು, ಹೀಗೆ.

ಹಾಗಾಗಿ ಒಂದೇ ವಿಶ್ವವಿದ್ಯಾಲಯದ ಒಂದೇ ಡಿಗ್ರಿಗೆ ಮೂರು ಬಾಗಿಲು ಇವೆ. ಸರ್ಕಾರಿ ಕಾಲೇಜಿನ ಸೀಟು. ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಕೋಟಾ ಸೀಟು. ಮತ್ತೆ ಕಾಲೇಜಿನವರೇ ನೇರವಾಗಿ ತುಂಬಿಕೊಳ್ಳುವ ಮ್ಯಾನೇಜ್‌ಮೆಂಟ್ ಸೀಟು. ನಿಮ್ಮ ಮನೆಗೆ ಬಂದವರು ಮಾರುತ್ತಿರುವುದು ಮೂರನೆಯದನ್ನು. ಮಣಿಪಾಲ, ನಿಟ್ಟೆ, ಬೆಳಗಾವಿಯ ಕೆಎಲ್‌ಇ ಥರದ ಡೀಮ್ಡ್ ವಿಶ್ವವಿದ್ಯಾಲಯಗಳು ಬೇರೆ ಲೆಕ್ಕ. ಅಲ್ಲಿ ಡಿಗ್ರಿಯೂ ಅವರದೇ, ಫೀಸೂ ಅವರದೇ.

ಈಗ ನಾನು ನಿಮಗೆ ಕೇಳುವ ಪ್ರಶ್ನೆ. ಸಿಇಟಿ ಅರ್ಜಿ ತುಂಬುವಾಗ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡನ್ನೂ ಹಾಕಿದ್ದೀರಾ? ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲು. ನಿಮ್ಮ ಮಗಳು ಎರಡಕ್ಕೂ ಬರುತ್ತಾಳೆ. ಮುಖ್ಯೋಪಾಧ್ಯಾಯರು ಸಹಿ ಮಾಡಿ, ಬಿಇಒ ಮೇಲುಸಹಿ ಹಾಕಿದ ಪ್ರಮಾಣಪತ್ರ ಬೇಕು. ಅಷ್ಟಕ್ಕಷ್ಟೇ ಅಂತ ನೀವು ಬರೆದ ರ‍್ಯಾಂಕ್ ಜನರಲ್ ಮೆರಿಟ್‌ನಲ್ಲಿ ಅಷ್ಟಕ್ಕಷ್ಟೇ ಇರಬಹುದು, ಕೋಟಾದಲ್ಲಿ ಅಲ್ಲ. ಅರ್ಜಿಯ ಪ್ರಿಂಟ್ ತೆಗೆದು ಇವತ್ತೇ ನೋಡಿ. ಎಷ್ಟೋ ಸಲ ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ‘ಇಲ್ಲ’ ಅಂತ ಒತ್ತಿಬಿಟ್ಟಿರುತ್ತಾನೆ. ತಿದ್ದುಪಡಿಗೆ ಕೆಇಎ (ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ) ಅವಕಾಶ ಕೊಟ್ಟಾಗ ಸರಿ ಮಾಡಿಸಬೇಕು.

ಬಿಎಸ್ಸಿ ನರ್ಸಿಂಗ್‌ಗೆ ಬೇಕಾದ ಅರ್ಹತೆ ಅವಳಿಗೆ ಇದೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಶೇ 45, ಮೀಸಲಾತಿ ಇದ್ದವರಿಗೆ ಶೇ 40, ಜೊತೆಗೆ ಇಂಗ್ಲಿಷ್ ಪಾಸು, ವಯಸ್ಸು 17 ತುಂಬಿರಬೇಕು. 61 ಧಾರಾಳ ಸಾಕು. ಕೌನ್ಸೆಲಿಂಗ್‌ನ ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ ಅಂತ ಎದೆ ಒಡೆದುಕೊಳ್ಳಬೇಡಿ. ಸಿಇಟಿ ಬರೆದ ಮಕ್ಕಳು ನರ್ಸಿಂಗ್ ಜೊತೆಗೆ ಅಗ್ರಿ, ವೆಟರ್ನರಿ, ಫಾರ್ಮಸಿ ಎಲ್ಲಕ್ಕೂ ಆಪ್ಷನ್ ಹಾಕಿರುತ್ತಾರೆ. ಅವರು ಬೇರೆ ಕಡೆ ಸೇರಿದ ಹಾಗೆ ನರ್ಸಿಂಗ್ ಸೀಟು ತೆರವಾಗುತ್ತಾ ಬರುತ್ತದೆ. ಕೊನೆಯ ಸುತ್ತಿನವರೆಗೆ ಕಾಯಿರಿ. ಏಜೆಂಟ್‌ಗೆ ಇರುವ ಅವಸರ ನಿಮಗೆ ಇರಬೇಕಾಗಿಲ್ಲ.

ನಿಮ್ಮ ತಮ್ಮ ಹೇಳಿದ ನೀಟ್ ವಿಷಯ ಅರ್ಧ ಸತ್ಯ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್‌ಗೆ ನಮ್ಮ ರಾಜ್ಯದಲ್ಲಿ ಸಿಇಟಿ ಸಾಕು. ನೀಟ್ ಬೇಕಾಗುವುದು ಮಿಲಿಟರಿ ನರ್ಸಿಂಗ್‌ಗೆ. ಅದು ಹುಡುಗಿಯರಿಗೆ ಮಾತ್ರ. ಸೇನೆಯ ಆಸ್ಪತ್ರೆಗಳ ಕಾಲೇಜುಗಳಲ್ಲಿ ನಾಲ್ಕು ವರ್ಷ ಓದು, ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಕೆಲಸ, ಜೊತೆಗೆ ಇಷ್ಟು ವರ್ಷ ಸೇವೆ ಮಾಡುತ್ತೇನೆ ಅಂತ ಬಾಂಡ್. ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೂ ಅಂಥ ಕಾಲೇಜಿದೆ. ಪುದುಚೇರಿಯ ಜಿಪ್ಮರ್ ಕೂಡ ನೀಟ್ ಅಂಕ ನೋಡುತ್ತದೆ. ನಿಮ್ಮ ಮಗಳು ಈ ಸಲ ನೀಟ್ ಬರೆದಿಲ್ಲ ಅಂದರೆ ಆ ಬಾಗಿಲು ಈ ವರ್ಷಕ್ಕೆ ಮುಚ್ಚಿತು, ಅಷ್ಟೇ.

ಇನ್ನು ಅಳಿಯಂದಿರ ಮಾತು. ‘ಜಿಎನ್‌ಎಂ ಬಂದ್ ಆಗುತ್ತದೆ’ ಅನ್ನುವ ಸುದ್ದಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕೆಲವು ವರ್ಷದ ಹಿಂದೆ ಭಾರತೀಯ ನರ್ಸಿಂಗ್ ಪರಿಷತ್ತೇ ಜಿಎನ್‌ಎಂ ಅನ್ನು ಹಂತ ಹಂತವಾಗಿ ನಿಲ್ಲಿಸುವ ಮಾತಾಡಿತ್ತು. ಶಾಲೆಗಳನ್ನೆಲ್ಲ ಡಿಗ್ರಿ ಕಾಲೇಜು ಮಾಡಬೇಕು ಅನ್ನುವ ಯೋಚನೆ. ಆಮೇಲೆ ಅದನ್ನು ಮುಂದೂಡಿದರು, ಕೋರ್ಸ್ ನಡೆದೇ ಇದೆ. ಹಾಗೊಂದು ವೇಳೆ ನಾಳೆ ನಿಲ್ಲಿಸಿದರೂ ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲುತ್ತದೆ. ಓದಿ ಮುಗಿಸಿ ನೋಂದಣಿ ಮಾಡಿಸಿಕೊಂಡವರ ಹೆಸರನ್ನು ಯಾರೂ ಅಳಿಸುವುದಿಲ್ಲ.

ಈ ನೋಂದಣಿ ಅನ್ನುವುದು ಜನಕ್ಕೆ ಗೊತ್ತೇ ಇರುವುದಿಲ್ಲ. ಬಿಎಸ್ಸಿ ಮಾಡಿದವಳೂ, ಜಿಎನ್‌ಎಂ ಮಾಡಿದವಳೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಕಡೆ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ. ಇಬ್ಬರಿಗೂ ಸಿಗುವುದು ‘ಆರ್‌ಎನ್ ಆರ್‌ಎಂ’, ಅಂದರೆ ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ ಅನ್ನುವ ಹಕ್ಕು. ಆ ನಂಬರ್ ಇಲ್ಲದೆ ಎಂಥ ಡಿಗ್ರಿ ಇದ್ದರೂ ರೋಗಿಗೆ ಸೂಜಿ ಚುಚ್ಚುವ ಹಾಗಿಲ್ಲ. ಆ ನಂಬರ್ ಇದ್ದರೆ ನಮ್ಮ ಸರ್ಕಾರಿ ಆಸ್ಪತ್ರೆಗಳ ಶುಶ್ರೂಷಾಧಿಕಾರಿ ಹುದ್ದೆಗೆ ಇಬ್ಬರೂ ಅರ್ಜಿ ಹಾಕಬಹುದು. ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸಲು ದೆಹಲಿಯ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಯಲ್ಲಿ ಮಾತ್ರ ಒಂದು ವ್ಯತ್ಯಾಸ ಇದೆ. ಬಿಎಸ್ಸಿಯವರು ನೇರವಾಗಿ ಬರೆಯಬಹುದು. ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಆಯ್ಕೆಯಾದ ಮೇಲೆ ಇಬ್ಬರಿಗೂ ಒಂದೇ ಸಂಬಳ, ಮೂಲ ವೇತನವೇ 44,900ರಿಂದ ಶುರು.

ಹಾಗಾದರೆ ಡಿಗ್ರಿಗೆ ಬೆಲೆ ಇಲ್ಲವಾ? ಇದೆ. ಎಲ್ಲಿ ಅಂತ ಹೇಳುತ್ತೇನೆ.

ಪಾಠ ಹೇಳುವ ಕೆಲಸಕ್ಕೆ ಡಿಗ್ರಿ ಬೇಕೇ ಬೇಕು. ಎಂಎಸ್ಸಿ ನರ್ಸಿಂಗ್ ಮಾಡಬೇಕಾದರೂ ಬಿಎಸ್ಸಿ, ಅದರಲ್ಲಿ ಶೇ 55 ಅಂಕ, ಜೊತೆಗೆ ಒಂದು ವರ್ಷದ ಅನುಭವ ಬೇಕು. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಹುದ್ದೆಗಳಿವೆ. 2021-22ರಿಂದ ಬಂದ ಹೊಸ ಸಿಲಬಸ್‌ನಲ್ಲಿ ಅದಕ್ಕೆ ಬೇಕಾದ ತರಬೇತಿಯನ್ನು ಬಿಎಸ್ಸಿ ಒಳಗೇ ಸೇರಿಸಿದ್ದಾರೆ. (ಆ ಹುದ್ದೆ ಗುತ್ತಿಗೆಯದು ಅನ್ನುವುದನ್ನೂ ಹೇಳಿಬಿಡುತ್ತೇನೆ. ‘ಅಧಿಕಾರಿ’ ಅನ್ನುವ ಪದ ಕೇಳಿ ಪರ್ಮನೆಂಟ್ ಅಂದುಕೊಳ್ಳಬೇಡಿ.) ಹೊರದೇಶದ ಕೆಲವು ಕಡೆ ಡಿಗ್ರಿ ಇದ್ದವರ ಕಡತ ಬೇಗ ಸರಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇನ್‌ಚಾರ್ಜ್ ಸಿಸ್ಟರ್, ಸೂಪರಿಂಟೆಂಡೆಂಟ್ ಮಾಡುವಾಗ ಡಿಗ್ರಿ ನೋಡುತ್ತಾರೆ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಮೊದಲ ವರ್ಷದ ಸಂಬಳದಲ್ಲಿ ನಾನು ನೋಡಿದ ವ್ಯತ್ಯಾಸ ತೀರಾ ಕಡಿಮೆ. ಅಲ್ಲಿ ಅವರು ನೋಡುವುದು ಬೇರೆ.

ಏನು ನೋಡುತ್ತಾರೆ ಅನ್ನುವುದಕ್ಕೆ ಒಂದು ಇಂಟರ್‌ವ್ಯೂ ನೆನಪಾಗುತ್ತದೆ. ಒಂದು ಖಾಸಗಿ ಆಸ್ಪತ್ರೆಯವರು ಸ್ಟಾಫ್ ತೆಗೆದುಕೊಳ್ಳುವಾಗ ನನ್ನನ್ನು ಪ್ಯಾನೆಲ್‌ಗೆ ಕರೆದಿದ್ದರು. ಮೊದಲು ಬಂದವಳು ಬಿಎಸ್ಸಿ, ಫಸ್ಟ್ ಕ್ಲಾಸ್. ಫೈಲ್ ನೀಟಾಗಿತ್ತು. ನಾನು ಕೇಳಿದೆ, ‘500 ಎಂಎಲ್ ಸಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು. ಸೆಟ್ ಒಂದು ಎಂಎಲ್‌ಗೆ 20 ಹನಿಯದು. ನಿಮಿಷಕ್ಕೆ ಎಷ್ಟು ಹನಿ ಬಿಡ್ತೀಯಮ್ಮಾ?’ ಹುಡುಗಿ ಫಾರ್ಮುಲಾ ಬಾಯಿಪಾಠ ಒಪ್ಪಿಸಿದಳು. ಪೆನ್ ಕೊಟ್ಟೆ. ಲೆಕ್ಕ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ‘ಮೇಡಂ, ನಮ್ಮ ಕಾಲೇಜಿನಲ್ಲಿ ಪೇಷಂಟ್ಸೇ ಇರಲಿಲ್ಲ. ಡಮ್ಮಿ ಮೇಲೆ ತೋರಿಸುತ್ತಿದ್ದರು’ ಅಂದಳು.

ಅವಳಾದ ಮೇಲೆ ಬಂದವಳು ಒಂದು ಜಿಲ್ಲಾ ಆಸ್ಪತ್ರೆಯ ಶಾಲೆಯಲ್ಲಿ ಜಿಎನ್‌ಎಂ ಮಾಡಿದವಳು. ಅದೇ ಪ್ರಶ್ನೆ. ಅವಳು ಒಂದು ಕ್ಷಣ ಸೂರು ನೋಡಿದಳು. ‘ನಲವತ್ತೆರಡು ಮೇಡಂ’ ಅಂದಳು. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ಅಷ್ಟೇ ಬರುವುದು. ನಾನು ಸುಮ್ನೆ ಬಿಡದೆ ಇನ್ನೊಂದು ಕೇಳಿದೆ, ‘ಪೇಷಂಟ್ ಎಪ್ಪತ್ತು ವರ್ಷದ ಅಜ್ಜ, ಹಾರ್ಟ್ ತೊಂದರೆ ಇದೆ. ಆಗ?’ ಅವಳು, ‘ಡಾಕ್ಟರನ್ನ ಇನ್ನೊಂದ್ಸಲ ಕೇಳದೆ ಅಷ್ಟು ಜೋರಾಗಿ ಬಿಡಲ್ಲ ಮೇಡಂ. ದಮ್ಮು ಹತ್ತುತ್ತೆ’ ಅಂದಳು. ಇದನ್ನು ಅವಳು ಪುಸ್ತಕದಲ್ಲೂ ಓದಿರುತ್ತಾಳೆ. ಆದರೆ ಅವಳು ಹೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಯಾವುದೋ ರಾತ್ರಿ ಯಾವುದೋ ಅಜ್ಜನಿಗೆ ದಮ್ಮು ಹತ್ತಿದ್ದನ್ನು ಅವಳು ನೋಡಿದ್ದಾಳೆ ಅಂತ. ಕೆಲಸ ಯಾರಿಗೆ ಸಿಕ್ಕಿತು ಅಂತ ಬೇರೆ ಹೇಳಬೇಕಿಲ್ಲ.

ಆ ಮೊದಲ ಹುಡುಗಿ ದಡ್ಡಿ ಅಲ್ಲ. ಅವಳ ಅಪ್ಪ ನಿಮ್ಮ ಹಾಗೇ ದುಡ್ಡು ಹೊಂದಿಸಿ ಓದಿಸಿದವರು. ತಪ್ಪಾಗಿದ್ದು ಎಲ್ಲಿ ಅಂದರೆ, ಅವರು ಸೇರಿಸುವಾಗ ಕಾಲೇಜು ಕಟ್ಟಡ ನೋಡಿದರು, ಆಸ್ಪತ್ರೆ ನೋಡಲಿಲ್ಲ. ನರ್ಸಿಂಗ್ ಕಲಿಯುವುದು ಹಾಸಿಗೆ ಪಕ್ಕದಲ್ಲಿ. ಹಾಗಾಗಿ ಬಿಎಸ್ಸಿಯಾ ಜಿಎನ್‌ಎಂಆ ಅನ್ನುವುದಕ್ಕಿಂತ ಮೊದಲು, ಮಗಳು ಯಾವ ಆಸ್ಪತ್ರೆಯಲ್ಲಿ ನಿಂತು ಕಲಿಯುತ್ತಾಳೆ ಅಂತ ಕೇಳಿ. ನಿಯಮದಲ್ಲಿ ಎಲ್ಲ ಚೆನ್ನಾಗೇ ಇದೆ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು. ಡಿಗ್ರಿ ಕೈಗೆ ಬರುವ ಮೊದಲು ಕ್ಲಿನಿಕಲ್, ಅಂದರೆ ವಾರ್ಡಿನಲ್ಲಿ ಕಲಿಯುವ ಹಾಜರಾತಿ ನೂರಕ್ಕೆ ನೂರು ತುಂಬಬೇಕು. ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್. ಕಾಗದದ ಮೇಲಿನ ಹಾಜರಾತಿ ಹೇಗೆ ತುಂಬುತ್ತದೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಬೆಂಗಳೂರಿಗೆ ಒಂದು ಸಲ ಹೋಗಿ ಬನ್ನಿ. ಬಸ್ ಚಾರ್ಜು ದಂಡ ಅಲ್ಲ. ಆದರೆ ಏಜೆಂಟ್ ಜೊತೆ ಹೋಗಬೇಡಿ, ಹೇಳಿಯೂ ಹೋಗಬೇಡಿ. ಬೆಳಿಗ್ಗೆ ಹತ್ತು ಗಂಟೆಗೆ ಕಾಲೇಜಿಗಲ್ಲ, ಅವರ ಆಸ್ಪತ್ರೆಗೆ ಹೋಗಿ. ಹೊರರೋಗಿಗಳ ಸಾಲು ಇದೆಯಾ? ವಾರ್ಡಿನ ಹಾಸಿಗೆಗಳಲ್ಲಿ ಜನ ಮಲಗಿದ್ದಾರಾ, ಮಡಿಸಿಟ್ಟ ಹೊದಿಕೆ ಮಲಗಿದೆಯಾ? ಹೆರಿಗೆ ವಾರ್ಡ್ ನಡೆಯುತ್ತಿದೆಯಾ? ಸೂಲಗಿತ್ತಿ ಹಕ್ಕು ಬೇಕಾದರೆ ಹುಡುಗಿ ಹೆರಿಗೆ ನೋಡಬೇಕು, ಮಾಡಿಸಬೇಕು, ಕೇಸ್ ಬುಕ್ಕಿನಲ್ಲಿ ಬರೆಯಬೇಕು. ‘ನಮ್ಮ ಮಕ್ಕಳು ಕ್ಲಿನಿಕಲ್‌ಗೆ ಬೇರೆ ಆಸ್ಪತ್ರೆಗೆ ಹೋಗ್ತಾರೆ’ ಅಂದರೆ ಯಾವ ಆಸ್ಪತ್ರೆ, ವಾರಕ್ಕೆ ಎಷ್ಟು ದಿನ, ಬಸ್ ಯಾರದು ಅಂತ ಕೇಳಿ. ಆಮೇಲೆ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಮೂರನೇ ವರ್ಷದ ಯಾವುದಾದರೂ ಹುಡುಗಿಯನ್ನು ಮಾತಾಡಿಸಿ. ‘ತಂಗಿ, ನೀನು ಇಲ್ಲಿವರೆಗೆ ಎಷ್ಟು ಐವಿ ಹಾಕಿದ್ದೀಯ?’ ಅಂತ ಕೇಳಿ. ಪ್ರಿನ್ಸಿಪಾಲರು ಒಂದು ಗಂಟೆಯಲ್ಲಿ ಹೇಳದ್ದನ್ನು ಅವಳು ಒಂದು ನಿಮಿಷದಲ್ಲಿ ಹೇಳುತ್ತಾಳೆ.

ಕಾಗದಪತ್ರದ ವಿಷಯ. ಆ ಕಾಲೇಜಿಗೆ ಈ ವರ್ಷದ ಸಂಯೋಜನೆ (ಅಫಿಲಿಯೇಷನ್) ಇದೆಯಾ, ಎಷ್ಟು ಸೀಟಿಗೆ ಇದೆ ಅಂತ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ನೋಡಿ. ಹೋದ ವರ್ಷದ ಆರ್ಡರ್ ತೋರಿಸಿದರೆ ಒಪ್ಪಬೇಡಿ. ರಾಜ್ಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲೂ ಹೆಸರು ಇರಬೇಕು. ಮಗಳು ಮುಂದೆ ಹೊರರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ವಿಷಯವನ್ನೂ ಕೇಳಿ. ಕಾಲೇಜುಗಳಿಗೆ ಅದರ ಮಾನ್ಯತೆಯೂ ಬೇಕಾ, ರಾಜ್ಯದ್ದು ಸಾಕಾ ಅನ್ನುವ ಜಗಳ 2017ರಲ್ಲಿ ನಮ್ಮ ಹೈಕೋರ್ಟ್‌ವರೆಗೂ ಹೋಗಿತ್ತು. ಆಗ ಕೇರಳದಿಂದ ಬಂದು ಇಲ್ಲಿ ಓದುತ್ತಿದ್ದ ಮಕ್ಕಳು ‘ನಮ್ಮ ಊರಲ್ಲಿ ನೋಂದಣಿ ಆಗುತ್ತಾ’ ಅಂತ ದಿನಾ ಕೇಳುತ್ತಿದ್ದರು. 1947ರ ಹಳೇ ಕಾಯ್ದೆಯ ಬದಲು ಈಗ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ, ನಿಯಮಗಳು ಬದಲಾಗುವ ಕಾಲ ಇದು. ಹಾಗಾಗಿ ಬಾಯಿಮಾತು ನಂಬಬೇಡಿ.

ಇನ್ನೊಂದು ಅಪಾಯ ಇದೆ. ಪ್ರವೇಶದ ಕೊನೆಯ ದಿನ ಮುಗಿದ ಮೇಲೂ ಕೆಲವರು ದುಡ್ಡು ತೆಗೆದುಕೊಂಡು ಸೇರಿಸಿಕೊಳ್ಳುತ್ತಾರೆ. ಹುಡುಗಿ ಕ್ಲಾಸಿಗೆ ಹೋಗುತ್ತಿರುತ್ತಾಳೆ, ಹಾಸ್ಟೆಲ್‌ನಲ್ಲಿ ಊಟ ಮಾಡುತ್ತಿರುತ್ತಾಳೆ, ವಿಶ್ವವಿದ್ಯಾಲಯದಲ್ಲಿ ಮಾತ್ರ ಅವಳ ಹೆಸರೇ ಇರುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ಬರುವುದಿಲ್ಲ, ಆಗ ಗೊತ್ತಾಗುತ್ತದೆ. ಎಲ್ಲೇ ಸೇರಿಸಿದರೂ ವಿಶ್ವವಿದ್ಯಾಲಯದ ಅನುಮೋದನೆ ಆಗಿ ರಿಜಿಸ್ಟರ್ ನಂಬರ್ ಬಂದಿದೆಯಾ ಅಂತ ಮೊದಲ ಸೆಮಿಸ್ಟರಿನಲ್ಲೇ ಕೇಳಿ. ಒರಿಜಿನಲ್ ಕೊಡಬೇಡಿ ಅಂದಿದ್ದೂ ಇದಕ್ಕೇ. ಅವು ಒಂದು ಸಲ ಅವರ ಬೀರು ಸೇರಿದರೆ, ಬಿಟ್ಟು ಬರುತ್ತೇನೆ ಅಂದಾಗ ‘ನಾಲ್ಕೂ ವರ್ಷದ ಫೀಸ್ ಕಟ್ಟಿ ತೆಗೆದುಕೊಂಡು ಹೋಗಿ’ ಅನ್ನುತ್ತಾರೆ.

ಹಾಗೇ, ನಿಮ್ಮ ಊರಿನ ಕಡೆ ‘ಒಂದು ವರ್ಷದ ನರ್ಸಿಂಗ್’, ‘ನರ್ಸಿಂಗ್ ಅಸಿಸ್ಟೆಂಟ್’ ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಹೋಗಲೇಬೇಡಿ. ಅದು ಮುಗಿಸಿದರೆ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಗಬಹುದು, ನೋಂದಣಿ ಸಿಗುವುದಿಲ್ಲ. ಮನೆಯಲ್ಲೇ ಕೂತು ಅಂಚೆ ಮೂಲಕ ಬಿಎಸ್ಸಿ ನರ್ಸಿಂಗ್ ಅನ್ನುವುದೂ ಇಲ್ಲ.

ಈಗ ದುಡ್ಡಿನ ಲೆಕ್ಕ. ಏಜೆಂಟ್ ಹೇಳಿದ್ದೇ ನಿಜ ಅಂದುಕೊಂಡರೂ ನಾಲ್ಕು ವರ್ಷಕ್ಕೆ 6 ಲಕ್ಷ 40 ಸಾವಿರ. ಮೇಲೆ ಯೂನಿಫಾರ್ಮ್, ಪುಸ್ತಕ, ಪರೀಕ್ಷೆ ಫೀಸ್, ಊರಿಗೆ ಬಂದು ಹೋಗುವುದು. ಇದಕ್ಕೆ ಹೊಲ ಅಡ ಇಡಬೇಡಿ. ಡಿಗ್ರಿಗೆ ಸಾಲ ಬೇಕೇ ಬೇಕು ಅಂದರೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿ. 4 ಲಕ್ಷದವರೆಗೆ ಬ್ಯಾಂಕಿನವರು ಆಸ್ತಿ ಅಡ ಕೇಳಬಾರದು. 7.5 ಲಕ್ಷದವರೆಗೆ ಸರ್ಕಾರದ ಖಾತರಿ ಯೋಜನೆಯೂ ಇದೆ. ಆದರೆ ಸಿಇಟಿ ಸೀಟಾದರೆ ಮ್ಯಾನೇಜರ್ ಬೇಗ ಒಪ್ಪುತ್ತಾರೆ. ಮ್ಯಾನೇಜ್‌ಮೆಂಟ್ ಸೀಟು ಅಂದ ಕೂಡಲೇ ಮುಖ ಗಂಟಾಗುತ್ತದೆ. ಬ್ಯಾಂಕಿನವರಿಗೂ ಅಷ್ಟು ಅನುಭವ ಆಗಿದೆ! ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ರೈತರ ಮಕ್ಕಳು ಅಂತ ಅರ್ಜಿ ಹಾಕುವಾಗ ನಿಮ್ಮ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಕೈಯಲ್ಲಿರಲಿ.

ನನ್ನ ಮಗಳಾಗಿದ್ದರೆ ನಾನು ಏನು ಮಾಡುತ್ತಿದ್ದೆ? ಕೆಇಎ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಕಾಲೇಜುಗಳನ್ನೆಲ್ಲ ಮೇಲೆ ಹಾಕುತ್ತಿದ್ದೆ. ದೂರ, ಹತ್ತಿರ ಅಂತ ನೋಡುತ್ತಿರಲಿಲ್ಲ. ಅವುಗಳ ಕೆಳಗೆ, ದೊಡ್ಡ ಆಸ್ಪತ್ರೆ ಇರುವ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟು. ಇವುಗಳಲ್ಲಿ ಯಾವುದಾದರೂ ಸಿಕ್ಕಿದರೆ ಕಣ್ಣು ಮುಚ್ಚಿ ಬಿಎಸ್ಸಿ. ಅದೇ ಹೊತ್ತಿಗೆ ಜಿಎನ್‌ಎಂ ಅರ್ಜಿಯನ್ನೂ ಬಿಡುತ್ತಿರಲಿಲ್ಲ, ಅದರ ದಿನಾಂಕ ಬೇರೆ ಇರುತ್ತದೆ. ಬಿಎಸ್ಸಿಗೆ ಕಾಯುತ್ತಾ ಕೂತು ಎರಡೂ ಕೈತಪ್ಪಿದವರನ್ನು ನೋಡಿದ್ದೇನೆ. ಸಿಇಟಿ ಸೀಟು ಬರಲೇ ಇಲ್ಲ ಅಂದರೆ, ಜಿಲ್ಲಾ ಆಸ್ಪತ್ರೆಯ ಜಿಎನ್‌ಎಂ. ಕೊನೆಯದಾಗಿ, ಅದೂ ಆಸ್ಪತ್ರೆ ನೋಡಿ ಬಂದ ಮೇಲೆ, ಬೆಂಗಳೂರಿನ ಆ ಮ್ಯಾನೇಜ್‌ಮೆಂಟ್ ಸೀಟು.

ಜಿಎನ್‌ಎಂಗೆ ಸೇರಿದರೆ ಡಿಗ್ರಿ ದಾರಿ ಮುಚ್ಚಿತು ಅಂತಲ್ಲ. ಮೂರು ವರ್ಷ ಮುಗಿಸಿ, ನೋಂದಣಿ ಮಾಡಿಸಿಕೊಂಡು, ಸ್ವಲ್ಪ ದಿನ ದುಡಿದು, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಅದೂ ಇದೇ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಡಿಗ್ರಿ. ಅದರ ಮೇಲೆ ಎಂಎಸ್ಸಿಗೂ ಹೋಗಬಹುದು. ಸರ್ಕಾರಿ ಕೆಲಸ ಸಿಕ್ಕವರಿಗೆ ನಿಯೋಜನೆ ಮೇಲೆ ಹೋಗಿ ಓದುವ ಅವಕಾಶವೂ ಇದೆ. ಇದರಲ್ಲಿ ನಷ್ಟ ಇಲ್ಲವಾ ಅಂದರೆ ಇದೆ. ನಾಲ್ಕು ವರ್ಷದಲ್ಲಿ ಆಗುವ ಡಿಗ್ರಿಗೆ ಐದು ವರ್ಷ ಆಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಜಿಎನ್‌ಎಂ ಮುಗಿಯುವಾಗ ಹುಡುಗಿಗೆ ಇಪ್ಪತ್ತೊಂದು ವರ್ಷ. ಕೈಗೆ ಸಂಬಳ ಬಂತು, ಮನೆಯಲ್ಲಿ ವರ ನೋಡಲು ಶುರು ಮಾಡಿದರು, ಪೋಸ್ಟ್ ಬೇಸಿಕ್ ಅಲ್ಲಿಗೇ ನಿಂತಿತು. ನನ್ನ ಶಿಷ್ಯೆಯರಲ್ಲಿ ‘ಮುಂದಿನ ವರ್ಷ ಮಾಡ್ತೀನಿ ಮೇಡಂ’ ಅಂತ ಹತ್ತು ವರ್ಷ ಹೇಳಿದವರಿದ್ದಾರೆ. ನೀವು ಈಗಲೇ ಮಗಳಿಗೆ ಮಾತು ಕೊಡಿ. ಅಳಿಯಂದಿರ ಎದುರಿಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಇಂಗ್ಲಿಷಿನ ಭಯ. ಪುಸ್ತಕ, ಪರೀಕ್ಷೆ, ಕೇಸ್ ಶೀಟ್ ಎಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಮೊದಲ ಆರು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಅನಾಟಮಿ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಉಚ್ಚಾರ ಬರೆದುಕೊಂಡು ಓದುತ್ತಿದ್ದ ಹುಡುಗಿಯರು ಎರಡನೇ ವರ್ಷಕ್ಕೆ ಇಂಗ್ಲಿಷಿನಲ್ಲಿ ಡ್ಯೂಟಿ ಹ್ಯಾಂಡೋವರ್ ಕೊಡುವುದನ್ನು ನೋಡಿದ್ದೇನೆ. ನರ್ಸಿಂಗಿಗೆ ಬೇಕಾದ ಇಂಗ್ಲಿಷ್ ಸಾವಿರ ಪದಗಳೊಳಗಿನದು, ಅದೂ ದಿನಾ ಬಳಸುವಂಥದ್ದು. ಈಗಿನಿಂದಲೇ ಪಿಯುಸಿ ಬಯಾಲಜಿ ಪುಸ್ತಕವನ್ನು ಜೋರಾಗಿ ಓದಲಿ. ದಿನಕ್ಕೆ ಎರಡು ಪುಟ ಸಾಕು.

ಅವಳ ಕನ್ನಡ ವಾರ್ಡಿನಲ್ಲಿ ಎಷ್ಟು ದೊಡ್ಡ ಆಸ್ತಿ ಅನ್ನುವುದು ಅವಳಿಗೇ ಗೊತ್ತಿಲ್ಲ. ನಿಮ್ಮ ಕಡೆಯ ಒಬ್ಬ ಅಜ್ಜಿ ಬಂದು ‘ಎದಿ ಉರಿತೈತವ್ವಾ’ ಅನ್ನುವುದಕ್ಕೂ, ‘ಎದಿ ಹಿಡದಂಗ ಆಗೈತವ್ವಾ’ ಅನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಹೊಟ್ಟೆಯ ಆಸಿಡ್ ಇರಬಹುದು. ಎರಡನೆಯದಕ್ಕೆ ಓಡಿ ಹೋಗಿ ಇಸಿಜಿ ಮಷೀನ್ ಎಳೆದು ತರಬೇಕು. ಹೊರಗಿನಿಂದ ಬಂದ ಹುಡುಗಿ ಎರಡಕ್ಕೂ ಒಂದೇ ಪದ ಬರೆದಿದ್ದನ್ನು ನಾನೇ ತಿದ್ದಿದ್ದೇನೆ. ಹಾಗಂತ, ಏನೂ ಅಡ್ಡ ಬರುವುದಿಲ್ಲ ಅಂತ ಸುಮ್ಮನಿರಬಾರದು. ಮುಂದೆ ಲಂಡನ್ ಕಡೆ ಹೋಗಬೇಕಾದರೆ ಒಇಟಿ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆಯೇ ಬೇಕು. ಅದೆಲ್ಲ ಎರಡು ಮೂರು ವರ್ಷ ಕೆಲಸ ಮಾಡಿದ ಮೇಲಿನ ಮಾತು. ಈಗಲೇ ‘ಫಾರಿನ್ ಗ್ಯಾರಂಟಿ’ ಅಂತ ಯಾರಾದರೂ ದುಡ್ಡು ಕೇಳಿದರೆ ಬಾಗಿಲು ಹಾಕಿಕೊಳ್ಳಿ.

ಉಳಿದದ್ದು ರಕ್ತ ನೋಡಿ ತಲೆ ತಿರುಗುವುದು. ಇದಕ್ಕೆ ಹೆದರಿ ನರ್ಸಿಂಗ್ ಬಿಡಬೇಕಾಗಿಲ್ಲ. ರಕ್ತ ಕಂಡಾಗ ಕೆಲವರಿಗೆ ಬಿಪಿ ತಟಕ್ಕನೆ ಇಳಿಯುತ್ತದೆ, ಎದೆಬಡಿತ ನಿಧಾನ ಆಗುತ್ತದೆ, ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ನೋಡುತ್ತಾ ನೋಡುತ್ತಾ ದೇಹ ಒಗ್ಗಿಕೊಳ್ಳುತ್ತದೆ, ಹೆಚ್ಚಿನವರಿಗೆ ಮೊದಲ ವರ್ಷದಲ್ಲೇ. ನಾನೂ ಮೊದಲ ದಿನ ಡ್ರೆಸ್ಸಿಂಗ್ ಟ್ರಾಲಿ ಹಿಡಿದುಕೊಂಡೇ ಜಾರಿ ಕೂತವಳು. ಟ್ರೇ ಬಿದ್ದು ವಾರ್ಡಿಗೆ ವಾರ್ಡೇ ತಿರುಗಿ ನೋಡಿತ್ತು. ಆವತ್ತು ಸಿಸ್ಟರ್ ನನಗೆ ಕೇಳಿದ್ದು ಒಂದೇ ಪ್ರಶ್ನೆ, ‘ತಿಂಡಿ ತಿಂದಿದ್ದೀಯಾ?’ ತಿಂದಿರಲಿಲ್ಲ. ನಿಮ್ಮ ಮಗಳಿಗೂ ಹೇಳಿ, ಕ್ಲಿನಿಕಲ್ ಇರುವ ದಿನ ಹೊಟ್ಟೆ ತುಂಬಾ ತಿಂದು ಹೋಗಲಿ. ಒಂದೇ ಕಡೆ ಮಂಡಿ ಬಿಗಿದು ನಿಲ್ಲದೆ ಕಾಲು ಆಡಿಸುತ್ತಾ ಇರಲಿ. ಕಣ್ಣು ಮಂಜಾಯಿತು ಅನಿಸಿದರೆ ನಾಚಿಕೊಳ್ಳದೆ ಅಲ್ಲೇ ನೆಲದ ಮೇಲೆ ಕೂತುಬಿಡಲಿ. ಸೇರುವ ಮುಂಚೆ ಒಂದು ಸಲ ಹಿಮೋಗ್ಲೋಬಿನ್ ಮಾತ್ರ ಪರೀಕ್ಷೆ ಮಾಡಿಸಿ. ನಿಮ್ಮ ಪಿಎಚ್‌ಸಿಯಲ್ಲೇ ಮಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.